ನೆಲ ನೋಡಣ್ಣ

ಮೂರನೇ ಬ್ಯಾಟರಿಯೂ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಒಳಗಿನ ನೀರು ಅರ್ಧಕ್ಕರ್ಧ ಬತ್ತಿತ್ತು. ಅಣ್ಣ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಗಿರಾಕಿಗಳೆಲ್ಲ ಅವನನ್ನು ಕರೆಯುವುದೇ ಅಣ್ಣ ಅಂತ. ನಿಜವಾಗಿ ಹಾಗೆ ಕರೆಯುವ ಹಕ್ಕಿದ್ದವಳು ತಂಗಿ ಒಬ್ಬಳೇ. ಅವಳು ವರ್ಕ್‌ಶಾಪಿಗೆ ಕಾಲಿಡದೆ ಹನ್ನೊಂದು ದಿನ ಆಗಿತ್ತು.

ಕಾರು ಹಲ್ಲಿನ ಡಾಕ್ಟರದು, ಹಳೇ ಕಾಲದ್ದು. ಅದರ ಚಾರ್ಜನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ಅನ್ನೋ ಡಬ್ಬಿ ಬಾನೆಟ್ಟಿನ ಒಳಗೆ, ತಗಡಿನ ಗೋಡೆಗೆ ಎರಡು ಬೋಲ್ಟಿನಲ್ಲಿ ಕೂತಿರುತ್ತೆ. ಬ್ಯಾಟರಿಗೆ ಹದಿನಾಲ್ಕು ಚಿಲ್ಲರೆ ವೋಲ್ಟ್ ಧಾರಾಳ ಸಾಕು. ಇದೋ, ಹದಿನಾರು ದಾಟಿಸಿ ಕುದಿಸುತ್ತಿತ್ತು. ಮೊದಲ ಬ್ಯಾಟರಿ ಹೋದಾಗ ಹಳೇ ಡಬ್ಬಿ ಕೆಟ್ಟಿದೆ ಅಂತ ಕಂಡುಹಿಡಿದು ಹೊಸದು ಹಾಕಿದವಳು ತಂಗಿ. ವಾರದೊಳಗೆ ಎರಡನೆಯದೂ ಕುದಿಯಿತು. ಡಾಕ್ಟರು ಬಂದು ರೇಗಾಡಿದರು.

ಆಗ ಅಣ್ಣ ಅನ್ನೋ ಈ ದೊಡ್ಡ ಮನುಷ್ಯ ಏನು ಮಾಡಬೇಕಿತ್ತು? ತೆಪ್ಪಗೆ ವೋಲ್ಟ್ ಅಳೆಯೋ ಮೀಟರ್ ತಗೋಬೇಕಿತ್ತು. ಅದು ಬಿಟ್ಟು ಗಿರಾಕಿ ಎದುರಿಗೇ, "ಇವಳ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ಎರಡು ಬೋಲ್ಟ್ ನೆಟ್ಟಗೆ ಹಾಕಕ್ಕೆ ಬರಲ್ಲ" ಅಂದುಬಿಟ್ಟ. ಇಪ್ಪತ್ತು ವರ್ಷ ಅವನ ಪಕ್ಕದಲ್ಲೇ ಕೈ ಮಸಿ ಮಾಡಿಕೊಂಡವಳು! ಅವಳು ಕೈ ಒರೆಸಿಕೊಂಡು, ತನ್ನ ಬೀಗದಕೈಯನ್ನು ಮೊಳೆಗೆ ನೇತುಹಾಕಿ, ಹೊಸಿಲ ಹತ್ತಿರ ನಿಂತು, "ಒಂದ್ಸಲ ನೆಲ ನೋಡಣ್ಣ" ಅಂದು ಹೊರಟುಹೋದಳು.

ನೆಲ ನೋಡು! ಮೂಗು ಮೇಲೆ ಮಾಡಿಕೊಂಡು ನಡೀತಿದೀಯ, ಸ್ವಲ್ಪ ಕೆಳಗೆ ನೋಡು ಅಂತ ತಾನೆ? ಆ ಮಾತು ಅವನಿಗೆ ಚೆನ್ನಾಗಿಯೇ ಚುಚ್ಚಿತ್ತು. ಹನ್ನೊಂದು ದಿನ ಹಲ್ಲು ಕಡಿದುಕೊಂಡೇ ಇದ್ದ. ಡಬ್ಬಿಯನ್ನು ಮತ್ತೊಮ್ಮೆ ತಾನೇ ಬದಲಾಯಿಸಿದ. ಅದರ ಫಲವೇ ಈ ಮೂರನೇ ಬ್ಯಾಟರಿ.

ಡಾಕ್ಟರು ಶನಿವಾರ ಬೆಳಿಗ್ಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. "ಅಲ್ಲಪ್ಪಾ, ನೋಯೋ ಹಲ್ಲು ಬಿಟ್ಟು ಪಕ್ಕದ್ದು ಕೀಳ್ತಾ ಹೋದ್ರೆ ನನ್ನ ಹತ್ರ ಯಾರು ಬಾಯಿ ತೆಗೀತಾರೆ? ಆಗಲ್ಲ ಅಂದ್ರೆ ಹೇಳಿಬಿಡಿ. ನಿಮ್ಮ ತಂಗಿ ಸೋಮವಾರದಿಂದ ಸೇತುವೆ ಹತ್ರದ ಗ್ಯಾರೇಜಿಗೆ ಹೋಗ್ತಾರಂತಲ್ಲ, ಅಲ್ಲೇ ತೋರಿಸ್ತೀನಿ."

ಮುನಿಸು ಇಳಿದರೆ ಬಂದೇ ಬರ್ತಾಳೆ ಅಂದುಕೊಂಡಿದ್ದ ಪುಣ್ಯಾತ್ಮ. ಇನ್ನು ಬರುವುದೇ ಇಲ್ಲ ಅನ್ನುವುದು ಊರಿಗೆಲ್ಲ ಗೊತ್ತು, ಅವನಿಗೆ ಗೊತ್ತಿಲ್ಲ.

ಕೈಯಲ್ಲಿದ್ದ ಮೀಟರಿನ ಕಡ್ಡಿ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಎಣ್ಣೆ ಕುಡಿದ ಆ ಸಿಮೆಂಟ್ ನೆಲ ಕಣ್ಣಿಗೆ ಬಿತ್ತು, ಜೊತೆಗೆ ಅಪ್ಪನ ದನಿ. ಅಪ್ಪನಿಗೆ ಅರ್ಥ್ ಅನ್ನೋ ಮಾತೇ ಬರುತ್ತಿರಲಿಲ್ಲ. ಕರೆಂಟು ಕಾರಿನ ತಗಡಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸಾಗುವ ಅರ್ಥ್ ಕನೆಕ್ಷನ್ನಿಗೆ ಅವನು ಸಾಯೋವರೆಗೂ 'ನೆಲ' ಅಂತಲೇ ಅಂದವನು. ಯಾವ ಕಾರು ಬರಲಿ, "ಮೊದಲು ನೆಲ ನೋಡ್ರೋ" ಅನ್ನುತ್ತಿದ್ದ. ಮಗ ಅರ್ಥ್ ಅನ್ನುವುದನ್ನು ಕಲಿತ, ಮಗಳು ಅಪ್ಪನ ಮಾತನ್ನೇ ಉಳಿಸಿಕೊಂಡಳು.

"ಅಯ್ಯೋ ನನ್ನ ಬುದ್ಧಿಗಿಷ್ಟು!"

ಇಂಜಿನ್ ಚಾಲೂ ಮಾಡಿದ. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಡಬ್ಬಿಯ ಮೈಗೆ. ನೆಲ ಸರಿಯಿದ್ದರೆ ಸೊನ್ನೆ ತೋರಿಸಬೇಕು. ಒಂದು ಪಾಯಿಂಟ್ ಎಂಟು ತೋರಿಸಿತು. ಡಬ್ಬಿಗೂ ಗೋಡೆಗೂ ನಡುವೆ ಏನೋ ಅಡ್ಡ ಇತ್ತು. ಹಾಗಾಗಿ ಬ್ಯಾಟರಿ ಸಾಕು ಸಾಕು ಅಂತ ಬಡಕೊಂಡರೂ ಡಬ್ಬಿಗೆ ಇನ್ನೂ ಹಸಿವು ಅಂತಲೇ ಕೇಳಿಸುತ್ತಿತ್ತು, ಅದು ಬಡಿಸುತ್ತಲೇ ಇತ್ತು.

ಇಂಜಿನ್ ಆರಿಸಿ ಬೋಲ್ಟ್ ಬಿಚ್ಚಿದ. ಕೆಳಗೆ ದಪ್ಪಗೆ ಕಪ್ಪು ಬಣ್ಣ, ಕರೆಂಟು ಹಾಯದಷ್ಟು. ಆ ವರ್ಕ್‌ಶಾಪಿನಲ್ಲಿ ಬ್ರಷ್ ಹಿಡಿಯುವ ಕೈ ಒಂದೇ. ತುಕ್ಕು ಹಿಡಿಯಬಾರದು ಅಂತ ಬಣ್ಣ ಬಳಿಯದೆ ಅವನಿಗೆ ತಿಂದಿದ್ದು ಜೀರ್ಣವಾಗುತ್ತಿರಲಿಲ್ಲ. ಹೊಸ ಡಬ್ಬಿ ಹಾಕಿದ ದಿನ ಸಂಜೆ ತಂಗಿ ಮನೆಗೆ ಹೋದ ಮೇಲೆ ಅವಳು ಹಾಕಿದ್ದನ್ನು ಬಿಚ್ಚಿ, ಬಳಿದು, ಮತ್ತೆ ಕೂರಿಸಿದವನು ತಾನೇ. ಆಮೇಲೆ ತಾನೇ ಡಬ್ಬಿ ಬದಲಾಯಿಸುವಾಗ ಇನ್ನೊಂದು ಕೋಟು ಬೇರೆ.

ಡಾಕ್ಟರು ಕೂತೇ ಇದ್ದರು. ಅವರ ಎದುರಿಗೇ ಅಂದಿದ್ದು, ಅವರ ಎದುರಿಗೇ ನುಂಗಬೇಕು. ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿದ.

"ಏನು?" ಅಂದಳು ತಂಗಿ.

"ನೆಲ ನೋಡ್ದೆ ಕಣೇ. ಬಣ್ಣ ಬಳಿದವನು ನಾನು. ನಿನ್ನ ಬೋಲ್ಟ್ ನೆಟ್ಟಗೇ ಇತ್ತು. ತಪ್ಪು ನಂದು. ಡಾಕ್ಟ್ರೂ ಕೇಳಿಸ್ಕೋತಿದಾರೆ."

"ಎಷ್ಟು ತೋರಿಸ್ತು?"

"ಒಂದು ಪಾಯಿಂಟ್ ಎಂಟು."

"ಅಬ್ಬಾ! ಕೆರೆದೆಯಾ?"

"ಇಲ್ಲ. ನೀನು ಬಂದು ಕೆರಿ."

ಅರ್ಧ ಗಂಟೆಯಲ್ಲಿ ಬಂದಳು. ಅಣ್ಣನ ಮುಖ ನೋಡದೆ ಉಜ್ಜುಕಾಗದ ತಗೊಂಡು ತಗಡು ಫಳಫಳ ಅನ್ನುವವರೆಗೂ ಉಜ್ಜಿದಳು, ಡಬ್ಬಿ ಕೂರಿಸಿದಳು, ಬಿಗಿದಳು. ಬೇರೆ ಬ್ಯಾಟರಿ ಹಾಕಿ ಇಂಜಿನ್ ಚಾಲೂ ಮಾಡಿದರು. ಹದಿನಾಲ್ಕು ಪಾಯಿಂಟ್ ಎರಡು. ಜೋರಾಗಿ ರೇಸ್ ಮಾಡಿದರೂ ಅಲ್ಲೇ ನಿಂತಿತು.

"ಸರಿಯಾದ ಹಲ್ಲು ಸಿಕ್ಕಿತು" ಅಂದರು ಡಾಕ್ಟರು.

ಅವರ ಕಾರು ಹೊರಡುವ ಮುಂಚೆ ತಂಗಿ ಬಣ್ಣದ ಡಬ್ಬ ತೆಗೆದು ಬ್ರಷ್ಷನ್ನು ಅಣ್ಣನ ಕೈಗಿಟ್ಟಳು. "ಈಗ ಬಳಿ. ಬಿಗಿದಾದ ಮೇಲೆ, ಹೊರಗಡೆ ಮಾತ್ರ."

ಅವನು ಬೋಲ್ಟಿನ ತಲೆಗೆ ಬಣ್ಣ ಮುಟ್ಟಿಸುತ್ತ ಸೋಮವಾರದ ಮಾತು ಹೇಗೆ ಎತ್ತುವುದು ಅಂತ ಒದ್ದಾಡುತ್ತಿದ್ದ. ಬೆನ್ನ ಹಿಂದೆ ಮೊಳೆಯಿಂದ ಬೀಗದಕೈ ತೆಗೆದ ಸದ್ದಾಯಿತು.

"ಸೋಮವಾರ ನೀನು ತಡವಾಗಿ ಬಾ. ನಾನೇ ಬಾಗಿಲು ತೆಗೀತೀನಿ" ಅಂದಳು.