ನೆಲ್ಲಿನ ಕಣದ ಎರಡು ವಿಡಿಯೋ

ಮಾನ್ವಿಯ ಶಂಭುಲಿಂಗಪ್ಪ ಸಾಹುಕಾರರಿಗೆ ತಮ್ಮ ರೈಸ್ ಮಿಲ್ಲಿನ ಒಂದಿಡೀ ದಿನವನ್ನು ಐದೇ ನಿಮಿಷದಲ್ಲಿ ನೋಡುವ ಹುಕಿ ಬಂತು. ಹೊಸ ಬಾಯ್ಲರಿನ ಪೂಜೆಗೆ ದೊಡ್ಡ ಪರದೆ ಕಟ್ಟಿ ಊರಿಗೆಲ್ಲ ತೋರಿಸಬೇಕಂತೆ. ಆ ಕೆಲಸ ಸಿಕ್ಕಿದ್ದು ರಾಯಚೂರಿನ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವ ಪ್ರಿಯದರ್ಶಿನಿಗೆ.

ಅವಳ ತಾಯಿ ಅಯ್ಯಮ್ಮ ಅದೇ ಮಿಲ್ಲಿನ ಕಣದಲ್ಲಿ, ಬಿಸಿಲಿಗೆ ಹರವಿದ ಕುದಿಸಿದ ನೆಲ್ಲಿನಲ್ಲಿ, ಅದು ಸಮನಾಗಿ ಒಣಗಲೆಂದು, ಕಾಲಿನಿಂದ ಸಾಲು ಎಳೆಯುವವಳು. ಮೊಣಕಾಲು ನೋವು ಹತ್ತಿ ವರ್ಷವಾಗಿತ್ತು. ಅದನ್ನು ಸಾಹುಕಾರರ ಕಿವಿಗೆ ಬೀಳಗೊಟ್ಟಿರಲಿಲ್ಲ. ನಡಿಗೆ ಮಂದವಾಯಿತೆಂದು ಜೊತೆಗೆ ದುಡಿಯುತ್ತಿದ್ದ ಗೋಪಮ್ಮನನ್ನು ಅವರು "ಮನ್ಯಾಗ ಆರಾಮ ಇರವ್ವಾ" ಎಂದು ಕಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಪರದೆಯ ಮೇಲೆ ಬರುವ ಆಸೆ ಯಾರಿಗಿಲ್ಲ ಹೇಳಿ? ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಸೀರೆಯನ್ನೇ ಉಟ್ಟು ಕಣಕ್ಕಿಳಿದಳು.

ಪ್ರಿಯದರ್ಶಿನಿ ಗೋದಾಮಿನ ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿದಳು. ನಾಲ್ಕು ಸೆಕೆಂಡಿಗೊಂದು ಫೋಟೋ, ಪ್ರತಿ ಸಲ ಶಟರ್ ಎರಡು ಸೆಕೆಂಡು ತೆರೆದಿರಬೇಕು, ಆಗ ವಿಡಿಯೋ ನಯವಾಗಿ ಹರಿಯುತ್ತದೆ. ಅವಳು ಕಲಿತ ಲೆಕ್ಕ ಅದು. ಬಿಸಿಲು ಹೆಚ್ಚೆಂದು ಲೆನ್ಸಿಗೆ ಕಪ್ಪು ಗಾಜು ತೊಡಿಸಿದಳು.

ಸಂಜೆ ಮನೆಯಲ್ಲಿ ನೋಡಿದರೆ, ನೆಲ್ಲಿನಲ್ಲಿ ಸಾಲುಗಳು ತಮ್ಮಷ್ಟಕ್ಕೆ ತಾವೇ ಮೂಡುತ್ತಿದ್ದವು. ಹೆಂಗಸರು ಓಡಾಡಿದ ಕಡೆ ಬರೀ ಬಣ್ಣದ ಹೊಗೆ. ಕುರ್ಚಿ ಬಿಟ್ಟೇಳದ ಸಾಹುಕಾರರು ಮಾತ್ರ ಮೀಸೆ ಸಮೇತ ಸ್ಪಷ್ಟವಾಗಿ ಬಂದಿದ್ದರು.

"ನಾ ಎಲ್ಲಿ ಅದೀನವಾ ಇದ್ರಾಗ?" ಎಂದಳು ಅಯ್ಯಮ್ಮ.

"ನೀ ನಿಲ್ಲಲೇ ಇಲ್ಲಲ್ಲ ಬೇ. ಶಟರ್ ತೆರೆದಾಗ ನಿಂತವ್ರು, ಕುಂತವ್ರು ಅಷ್ಟ ಬರ್ತಾರ."

"ಬಿಸಿಲಾಗ ತಿರುಗಿ ಸತ್ತಾಕಿ ನಾನು, ಇದ್ರಾಗ ಬಂದವ್ರು ಕುಂತವ್ರು! ಭಾಳ ಚಂದ ಅದ ನಿನ್ನ ಕ್ಯಾಮೆರಾ!" ಅಯ್ಯಮ್ಮನಿಗೆ ಸಿಟ್ಟಿಗಿಂತ ಬೇಜಾರೇ ಹೆಚ್ಚಾಗಿತ್ತು.

ಮರುದಿನ ಮಗಳು ಮತ್ತೆ ಹೋಗಿ, ಕಪ್ಪು ಗಾಜು ತೆಗೆದು, ಕಣ್ಣು ಮಿಟುಕಿಸುವುದರೊಳಗೆ ಮುಚ್ಚುವಂತೆ ಶಟರನ್ನು ಚುರುಕು ಮಾಡಿದಳು. ಅಯ್ಯಮ್ಮ ಅದೇ ಹಸಿರು ಸೀರೆ ಉಟ್ಟಿದ್ದಳು.

ಈ ಸಲ ಎಲ್ಲರೂ ಸಿಕ್ಕರು. ಕುಪ್ಪಳಿಸಿದಂತೆ ಓಡಾಡುತ್ತಿದ್ದರೂ ಒಬ್ಬೊಬ್ಬರ ಗುರುತೂ ಹತ್ತುತ್ತಿತ್ತು.

"ಅಗಾ, ನಾನು!" ಎಂದು ಅಯ್ಯಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿದಳು.

ಉಳಿದವರು ಕಣದ ಅಂಚು ಮುಟ್ಟಿ ಹೊರಳುತ್ತಿದ್ದರು. ಹಸಿರು ಸೀರೆ ಪ್ರತಿ ಸಲವೂ ಅರ್ಧ ದಾರಿಯಲ್ಲೇ ಹೊರಳುತ್ತಿತ್ತು, ಕೈ ಮೊಣಕಾಲ ಮೇಲಿರುತ್ತಿತ್ತು. ಜೊತೆಯವರಿಂದ ಹಿಂದೆ ಬೀಳಬಾರದೆಂದು ಅವಳು ಕಂಡುಕೊಂಡಿದ್ದ ಉಪಾಯ ಅದು. ದಿನವಿಡೀ ಯಾರ ಕಣ್ಣಿಗೂ ಬೀಳದ್ದು ಆ ಐದು ನಿಮಿಷದಲ್ಲಿ ಎದ್ದು ಕಾಣುತ್ತಿತ್ತು.

"ಸಾವ್ಕಾರ್ರಿಗೆ ತೋರ್ಸೀಯೇನು ಇದನ್ನ?"

"ಇನ್ನೂ ಇಲ್ಲ ಬೇ."

"ಮೊದಲ್ನೇದ ಕೊಡು. ನಾ ಇಲ್ಲದ್ದು."

ಪ್ರಿಯದರ್ಶಿನಿ ಮೊದಲ ದಿನದ ವಿಡಿಯೋವನ್ನೇ ಪೆನ್ ಡ್ರೈವಿಗೆ ಹಾಕಿಕೊಂಡಳು.

ಪೂಜೆಯ ದಿನ ಪರದೆಯ ಮೇಲೆ ನೆಲ್ಲು ತಾನೇ ತಾನಾಗಿ ಹೊರಳಾಡಿತು. ಸಾಹುಕಾರರು ಹಿಗ್ಗಿ ಹೀರೇಕಾಯಿಯಾದರು.

"ನೋಡ್ರಿ, ಆಳು ಬ್ಯಾಡೇ ಬ್ಯಾಡ ಅನ್ನಂಗ ಕಾಣ್ತದ!" ಎಂದರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಯ್ಯಮ್ಮ ನಕ್ಕಳು.