ಹೆಸರು: ಇನ್ನೂ ಇಲ್ಲ

ಚಿಕ್ಕಸಿದ್ದಯ್ಯ ಮೇಷ್ಟ್ರಿಗೆ ಆ ಭಾನುವಾರ ತಲೆ ಕೆಟ್ಟು ಹೋಗಿತ್ತು. ಕೊಳ್ಳೇಗಾಲ ಇನ್ನೂ ಮದ್ರಾಸು ಸೀಮೆಯಲ್ಲಿದ್ದ ಕಾಲ ಅದು. ಕೊಳ್ಳೇಗಾಲದ ಅಂಚಿನಲ್ಲಿ, ಕೆರೆ ಏರಿಯಾಚೆ ಎದ್ದಿದ್ದ ಅರವತ್ತು ಮನೆಗಳ ಹೆಸರಿಲ್ಲದ ಊರಿನ ಶಾಲೆಗೆ ಐದನೇ ಕ್ಲಾಸು ಬೇಕೆಂದರೆ ಜಿಲ್ಲೆಯ ಕಚೇರಿಗೆ ಅರ್ಜಿ ಹೋಗಬೇಕು. ಅದರಲ್ಲಿ ಊರಿನ ಹೆಸರು, ಚರಿತ್ರೆ ಎರಡೂ ಇರಬೇಕು. ನಾಳೆಯ ಟಪಾಲು ತಪ್ಪಿದರೆ ಈ ವರ್ಷದ ಆಸೆ ಬಿಟ್ಟಂತೆಯೇ. ಮೇಷ್ಟ್ರ ಮಗಳು ಚೆಲುವಮ್ಮ ನಾಲ್ಕನೆಯದು ಮುಗಿಸಿದ್ದಳು. ಹೆಣ್ಣುಮಗಳು ಏರಿ ದಾಟಿ ಪೇಟೆ ಶಾಲೆಗೆ ಹೋಗಕೂಡದೆಂದು ಮೇಷ್ಟ್ರ ತಾಯಿ ದೊಡ್ಡಮಾದಮ್ಮ ಹಟ ಹಿಡಿದಿದ್ದರು.

ಹೆಸರು ತೀರ್ಮಾನಿಸಲು ಊರ ಹಿರಿಯರು ಬೆಳಿಗ್ಗೆಯೇ ಮೇಷ್ಟ್ರ ಮನೆ ಜಗಲಿ ಏರಿ ಕೂತಿದ್ದರು.

"ಇಲ್ಲಿ ಮೊದ್ಲು ಗುದ್ಲಿ ಹಾಕ್ದೋರು ನಮ್ಮಪ್ಪ ಕಣ್ರಿ. ಧನಗೆರೆಪೇಟೆ ಅಂತ ಬರ್ಕಳಿ," ಎಂದರು ಧನಗೆರೆಯಿಂದ ಬಂದು ರೇಷ್ಮೆ ವ್ಯಾಪಾರ ಹಿಡಿದಿದ್ದ ಪುಟ್ಟಮಲ್ಲಪ್ಪ.

"ಗುದ್ಲಿ ಹಾಕಿ ಬಾಯಾರ್ದಾಗ ನೀರು ಕೊಟ್ಟೋರು ಯಾರಪ್ಪ? ಅಗರದಿಂದ ಬಂದ ನಾವು! ಅಗರದಪಾಳ್ಯ ಅಂತ್ಲೇ ಆಗ್ಬೇಕು," ಎಂದರು ಮುದುಕಿ ದೊಡ್ಡಬಸಮ್ಮ.

"ಅಗರ ಮೈಸೂರು ಸೀಮೆ. ನಾವಿರೋದು ಮದ್ರಾಸು ಸೀಮೆ. ಆ ಸೀಮೆ ಎಸ್ರು ಇಲ್ಯಾಕಮ್ಮ?" ಎಂದರು ಪುಟ್ಟಮಲ್ಲಪ್ಪ.

ಮಧ್ಯಾಹ್ನವಾದರೂ ಜಗಳ ಮುಗಿಯಲಿಲ್ಲ. ಇಪ್ಪತ್ತು ವರ್ಷ ಹೆಸರಿಲ್ಲದೆ ಹಾಯಾಗಿದ್ದ ಜನ! ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸಿಟ್ಟಿನಲ್ಲೇ ಅರ್ಜಿ ತುಂಬಿದರು. ಹೆಸರು: ಇನ್ನೂ ಇಲ್ಲ. ಚರಿತ್ರೆ: ಇಲ್ಲಿ ಎಲ್ಲರೂ ಮೊದಲು ಬಂದವರೇ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಯಬೇಕೆಂದಿತ್ತು. ಆ 'ಇನ್ನೂ ಇಲ್ಲ'ವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿ ಮರುದಿನದ ಟಪಾಲಿಗೆ ಹಾಕಿಬಿಟ್ಟರು.

ಮೂರು ತಿಂಗಳಿಗೆ ಇಂಗ್ಲಿಷಿನಲ್ಲಿ ಆರ್ಡರು ಬಂತು. ಕನ್ನಡ ಬಾರದ ಯಾವನೋ ಗುಮಾಸ್ತ ಆ ಅಕ್ಷರಗಳನ್ನೇ ಊರಿನ ಹೆಸರೆಂದುಕೊಂಡು ತನ್ನದೊಂದು 'ಪಾಳ್ಯಂ' ಅಂಟಿಸಿದ್ದ: 'ಇನ್ನುಇಲ್ಲ ಪಾಳ್ಯಂ ಶಾಲೆಗೆ ಐದನೇ ತರಗತಿ ಮಂಜೂರಾಗಿದೆ.'

ಸುದ್ದಿ ಹಬ್ಬಿ ಜಗಲಿ ಮತ್ತೆ ತುಂಬಿತು.

"ಮಾನ ಕಳ್ದ್ರಲ್ಲ ಮೇಷ್ಟ್ರೇ! ಆರ್ಡರು ವಾಪಸ್ ಕಳ್ಸಿ. ಬೇಕಾರೆ ಅಗರದಪಾಳ್ಯ ಅಂತ್ಲೇ ಇರ್ಲಿ," ಎಂದರು ಪುಟ್ಟಮಲ್ಲಪ್ಪ.

"ಬ್ಯಾಡ ಕಣಪ್ಪ, ಧನಗೆರೆಪೇಟೆ ಅಂತ್ಲೇ ಬರ್ಸು," ಎಂದರು ದೊಡ್ಡಬಸಮ್ಮ.

ಮೇಷ್ಟ್ರಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಈ ಮಾತನ್ನು ಅವತ್ತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಈಗ ಕಾಗದ ವಾಪಸು ಹೋದರೆ ಐದನೇ ಕ್ಲಾಸೂ ಅದರ ಜೊತೆಗೇ ಹೋಗುತ್ತದೆ. ಅವರು ಆರ್ಡರನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ಇನ್ನೂ ಇಪ್ಪತ್ತು ವರ್ಷ ಜಗಳ ಆಡ್ಕಳಿ. ಇದನ್ನ ಮಾತ್ರ ನಾನು ಕೊಡಕಿಲ್ಲ."

ಮರುದಿನ ದೊಡ್ಡಮಾದಮ್ಮ ಮೊಮ್ಮಗಳ ಕೈ ಹಿಡಿದು ತಾವೇ ಶಾಲೆಗೆ ಬಂದರು. ದಾಖಲಾತಿ ಪುಸ್ತಕದಲ್ಲಿ ಮೊದಲನೆಯವಳು ಚೆಲುವಮ್ಮನೇ. ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ, ಮಗಳಾದರೂ ನಿಯಮದಂತೆ ಕೇಳಿದರು.

"ಊರು?"

"ಇನ್ನೂ ಇಲ್ಲ, ಸಾ."

"ಕ್ಲಾಸು?"

"ಐದು," ಎಂದಳು ಚೆಲುವಮ್ಮ, ಏರಿಯಾಚೆಗೂ ಕೇಳುವಷ್ಟು ಜೋರಾಗಿ.