ನಾಲ್ಕಡಿ ನೀರಿನಲ್ಲಿ ಗಣಪತಿ

ಮಣಿಕೊಂಡದ ನಮ್ಮ ಸ್ವಿಮ್ಮಿಂಗ್ ಕ್ಲಬ್ಬನ್ನು ನೀವು ಬೇಸಿಗೆಯಲ್ಲಿ ನೋಡಬೇಕಿತ್ತು. ಗೇಟಿನ ಹೊರಗೆ ತಾಯಂದಿರ ಸ್ಕೂಟಿಗಳ ಸಾಲು, ಒಳಗೆ ಮಕ್ಕಳ ಕಿರುಚಾಟ. ನಮ್ಮವರು, ಗುರುಸಿದ್ದಪ್ಪ, ರಿಟೈರ್ ಆದಾಗ ಫ್ಯಾಕ್ಟರಿಯಿಂದ ಬಂದ ದುಡ್ಡನ್ನೆಲ್ಲ ಸುರಿದು ತಿಂಗಳ ಬಾಡಿಗೆಯ ಮೇಲೆ ಲೀಸಿಗೆ ಹಿಡಿದ ಪೂಲು ಅದು. ಮೇ ತಿಂಗಳ ಗದ್ದಲ ನೋಡಿ ಹುರುಪಾಗಿ ಹೊಸ ಫಿಲ್ಟರನ್ನೂ ಕೂಡಿಸಿಬಿಟ್ಟರು. ಜೂನಿನಲ್ಲಿ ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಮಕ್ಕಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಪೂಲಿನ ಹಣೆಬರಹ ಏನಂದರೆ, ಒಬ್ಬರು ಈಜಲಿ, ನೂರು ಮಂದಿ ಈಜಲಿ, ನೀರು ಸೋಸುವ ಮೋಟಾರು ಓಡಲೇಬೇಕು. ಕರೆಂಟ್ ಉಳಿಸೋಣ ಅಂತ ಇವರು ಅರ್ಧ ದಿನ ನಿಲ್ಲಿಸತೊಡಗಿದರು. ನೀರು ಹಸಿರಾಯಿತು. ಇದ್ದ ನಾಲ್ಕು ಮಂದಿಯೂ ಮೈ ಕಡಿಯುತ್ತದೆ ಅಂತ ಹೋದವರು ತಿರುಗಿ ಬರಲಿಲ್ಲ.

ಗಣಪತಿ ಹಬ್ಬದ ವಾರ, ಬಿಲ್ ಕಟ್ಟಿಲ್ಲವೆಂದು ಕರೆಂಟಿನವರು ಲೈನ್ ಕತ್ತರಿಸಲು ಬಂದರು. ಇವರು ಕೈಮುಗಿದು ಎರಡು ದಿನದ ಗಡುವು ಕೇಳಿಕೊಂಡರು. ಅದೇ ಸಂಜೆ ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದ. ಕೆರೆಯ ದಾರಿಯಲ್ಲಿ ವಿಪರೀತ ಟ್ರಾಫಿಕ್ಕು, ನಮ್ಮ ಗಣಪತಿಗಳನ್ನು ನಿಮ್ಮ ಪೂಲಿನಲ್ಲೇ ಬಿಡುತ್ತೇವೆ, ದುಡ್ಡು ಈಗಲೇ ಕೊಡುತ್ತೇನೆ ಅಂದ.

"ಸಬ್ ಮಿಟ್ಟೀ ಕೇ, ಅಂಕಲ್. ಛೋಟೇ ಛೋಟೇ."

ಇವರು ನನ್ನ ಮುಖ ನೋಡಿದರು. "ಏನಂತಿ, ಸುಭದ್ರಾ?"

"ಮಣ್ಣಂದ್ರ ತಳಕ್ಕ ಕೂಡ್ತೈತಿ, ಬಳಕೊಂಡ್ರಾತು. ಲೈನ್ ಹೋತಂದ್ರ ಏನ್ ಬಳೀತೀರಿ?" ಅಂದೆ.

ಆ ದುಡ್ಡು ಮರುದಿನವೇ ಕರೆಂಟ್ ಆಫೀಸಿಗೆ ಹೋಯಿತು.

ಬಿಡುವ ದಿನ ಡೋಲು ಬಾರಿಸುತ್ತ, ಕುಣಿಯುತ್ತ ಬಂದರು. ತಟ್ಟೆಗಳಲ್ಲಿ ಪುಟ್ಟ ಪುಟ್ಟ ಮಣ್ಣಿನ ಗಣಪತಿಗಳು. ಅವುಗಳ ಹಿಂದೆ ಟ್ರಾಲಿ ಆಟೋದಲ್ಲಿ ಆಳೆತ್ತರದ್ದೊಂದು, ನೀರಿಗೆ ಕರಗದ ಪ್ಲಾಸ್ಟರಿನದು, ನೀಲಿ ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು.

ಇವರು ಗೇಟಿಗೆ ಅಡ್ಡ ನಿಂತರು. "ಯೇ ನಹೀಂ! ಯೇ ಘುಲ್ತಾ ನಹೀಂ!"

"ಏಕೀಚ್ ಹೈ ಅಂಕಲ್, ಅಡ್ಜಸ್ಟ್ ಕರೋ. ನಹೀಂ ತೋ ಪೈಸೇ ವಾಪಸ್ ದೇದೋ."

ಸೆಕ್ರೆಟರಿಗೆ ವಾಪಸ್ ಕೊಡಲು ಪೈಸೆ ಎಲ್ಲಿತ್ತು? ಇವರ ಕೈ ಗೇಟಿನಿಂದ ತಾನಾಗಿ ಜಾರಿತು. ಯಾರೋ ಆ ಕೈಗೇ ಒಂದು ಲಾಡು ಇಟ್ಟು ಮುಂದೆ ಹೋದರು.

ಬೆಳಗ್ಗೆ ನೋಡಿದರೆ ದೊಡ್ಡ ಗಣಪತಿ ನಾಲ್ಕಡಿ ನೀರಿನಲ್ಲಿ ಅಂಗಾತ ಮಲಗಿದ್ದ. ಬಣ್ಣ ಬಿಟ್ಟು ನೀರೆಲ್ಲ ನೇರಳೆಯಾಗಿತ್ತು. ಪೂಲು ತೊಳೆಯುವ ಗೊಲ್ಲಾಳಪ್ಪ, ಯಾದಗಿರಿ ಕಡೆಯವನು, ಸ್ವಿಚ್ಚಿಗೆ ಹೋದ ಇವರ ಕೈ ಹಿಡಿದ.

"ಮೋಟಾರ್ ಹಾಕಬ್ಯಾಡ್ರೀ ಯಜಮಾನ್ರ. ಪುಡಿ ಎಳಕೊಂಡು ಫಿಲ್ಟರ್ ಕಟ್ಟಿ ಹೋಗ್ತದ. ಮೊದ್ಲ ಇದನ್ನ ತಗೀಬೇಕು."

ಮೂವರೂ ಸೇರಿ ದಂಡೆಯಿಂದಲೇ ಹಗ್ಗ ಹಾಕಿ ಎಳೆದೆವು. ಅಲುಗಲಿಲ್ಲ. ಗೊಲ್ಲಾಳಪ್ಪ ಹೋಗಿ ಹಾರೆ ತಂದು ದಂಡೆಯ ಮೇಲಿಟ್ಟು ಹಿಂದೆ ಸರಿದ.

"ಒಡದ ತಗೀಬೇಕ್ರೀ. ಆದ್ರ ನಾ ಹೊಡಿಯಂಗಿಲ್ಲ. ಮಕ್ಕಳೊಂದಿಗ ಅದೀನಿ, ಪಾಪ ತಟ್ತದ."

"ನಮಗೇನ್ ಮಕ್ಕಳಿಲ್ಲೇನೋ?" ಅಂದರು ಇವರು.

"ನೀವು ಮಾಲಕ್ರು ಅದೀರಲ್ರೀ."

ಇವರು ಹಾರೆ ಹಿಡಿದು ಇಳಿದರು. ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ತುಟಿ ಅಲ್ಲಾಡುತ್ತಿತ್ತು, ಬೈಯುತ್ತಿದ್ದರೋ ಕ್ಷಮೆ ಕೇಳುತ್ತಿದ್ದರೋ ನನಗೆ ತಿಳಿಯಲಿಲ್ಲ.

"ನನ್ನ ಕೈಲೆ ಆಗಂಗಿಲ್ಲ. ಮುಚ್ಚಿಬಿಡೂಣು ಸುಭದ್ರಾ, ಬೀಗ ಹಾಕಿಬಿಡೂಣು."

"ಬೀಗ ಹಾಕಿದ್ರ ಬಾಡಿಗಿ ನಿಂದರ್ತೈತೇನ್ರೀ? ಮಾರ್ಚಿಗೆ ಹುಡುಗರು ಬರ್ತಾವ."

"ಈ ನೀರಿಗೆ?"

ಅವರು ಏಣಿಯ ಕೆಳಮೆಟ್ಟಿಲಿಗೆ ಕೂತು, ಎದೆಮಟ್ಟ ನೀರಿನಲ್ಲಿ, ಹೆಗಲು ಕುಣಿಸಿ ಅಳತೊಡಗಿದರು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿರಲಿಲ್ಲ.

ಸೆರಗು ಸಿಕ್ಕಿಸಿ ನಾನೂ ಇಳಿದೆ. ನೀರು ಕೊರೆಯುತ್ತಿತ್ತು. ಅವರ ಕೈಯಿಂದ ಹಾರೆ ತಗೊಂಡೆ.

"ಇಬ್ರೂ ಕಣ್ಣ ಮುಚ್ಕೋರಿ."

ಇಬ್ಬರೂ ಮುಚ್ಚಿಕೊಂಡರು. ಗೊಲ್ಲಾಳಪ್ಪ ಕೈಯನ್ನೂ ಮುಗಿದ. ನಾನು ಮುಚ್ಚಿದರೆ ನಡೆಯುತ್ತಿರಲಿಲ್ಲ; ಏಟು ಜಾರಿದರೆ ತಳದ ಟೈಲ್ಸು ಒಡೆಯುತ್ತಿತ್ತು. ಹೊಟ್ಟೆಯ ನಡುಭಾಗ ಸರಿಯಾಗಿ ನೋಡಿಕೊಂಡು ಹೊಡೆದೆ.